ನಮಗೆ ಗೊತ್ತು, ಅವರಿಗಿನ್ನೂ ಗೊತ್ತಿಲ್ಲ

ಹೊಸ ಕಥೆ ಕೈಗೆ ಸಿಕ್ಕಿದಾಗ ನಾನು ಮೊದಲು ನೋಡುವುದು ಶೀರ್ಷಿಕೆಯನ್ನಲ್ಲ, ಬರೆದವರ ಹೆಸರನ್ನೂ ಅಲ್ಲ, ಒಳಗೆ ಏನಿದೆಯೆಂದು ಕಥೆಯ ಮೇಲೆ ಅಂಟಿಸಿದ ಚೀಟಿಗಳನ್ನು, ಅಂದರೆ ಟ್ಯಾಗುಗಳನ್ನು. ‘ಸ್ಲೋ ಬರ್ನ್’, ಅಂದರೆ ನಿಧಾನಕ್ಕೆ ಹೊತ್ತಿಕೊಳ್ಳುವ ಪ್ರೀತಿ, ಇದೆಯಾ? ‘ಎನಿಮೀಸ್ ಟು ಲವರ್ಸ್’ ಇದೆಯಾ? ‘ಸೀಕ್ರೆಟ್ ಐಡೆಂಟಿಟಿ’, ಅಂದರೆ ತಾನು ಯಾರೆಂಬ ಗುಟ್ಟು, ಇದ್ದರಂತೂ ಮುಗಿಯಿತು, ಆ ರಾತ್ರಿಯ ನಿದ್ದೆ ಹೋದ ಹಾಗೆಯೇ. ಫ್ಯಾನ್‌ಫಿಕ್ಷನ್, ಅಂದರೆ ಬೇರೆಯವರ ಕಥೆಯ ಪಾತ್ರಗಳನ್ನು ಇಟ್ಟುಕೊಂಡು ಅಭಿಮಾನಿಗಳು ಬರೆಯುವ ಕಥೆ, ಓದುವ ಅಭ್ಯಾಸವಿಲ್ಲದ ಸ್ನೇಹಿತರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. “ಮೊದಲು ಜಗಳ ಆಡ್ತಾರೆ, ಆಮೇಲೆ ಪ್ರೀತಿಸ್ತಾರೆ ಅಂತ ಮೇಲೇ ಬರೆದುಬಿಟ್ಟಿದ್ದಾರಲ್ಲ, ಇನ್ನು ಓದೋದೇನು?” ಅನ್ನುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಕೊನೆ ಗೊತ್ತಿಲ್ಲದ ಕಥೆ ಓದುವಾಗ ನನ್ನ ಅರ್ಧ ಗಮನ ‘ಮುಂದೇನು’ ಅನ್ನುವುದರಲ್ಲೇ ಹೋಗಿಬಿಡುತ್ತದೆ. ಕೊನೆ ಗೊತ್ತಿದ್ದರೆ ಕಣ್ಣು ಬೇರೆ ಕಡೆ ತಿರುಗುತ್ತದೆ. ಇವರಿಬ್ಬರಲ್ಲಿ ಮೊದಲು ಗೊತ್ತಾಗುವುದು ಯಾರಿಗೆ? ಗೊತ್ತಾದವರು ಎಷ್ಟು ಹೊತ್ತು ಬಾಯಿ ಬಿಡದೆ ಇರುತ್ತಾರೆ? ಕೊನೆಗೆ ಬಾಯಿ ಬಿಡಿಸುವುದು ಯಾವುದು?

ನನಗಿಷ್ಟವಾದ ಟ್ರೋಪ್‌ಗಳನ್ನು, ಅಂದರೆ ಕಥೆಗಳಲ್ಲಿ ಮತ್ತೆ ಮತ್ತೆ ಬರುವ ಪಟ್ಟುಗಳನ್ನು, ಒಂದರ ಕೆಳಗೊಂದು ಬರೆದರೆ ಒಂದಕ್ಕೊಂದು ಸಂಬಂಧವೇ ಇಲ್ಲವೇನೋ ಅನ್ನಿಸುತ್ತದೆ. ವೇಷ ಮರೆಸಿಕೊಂಡು ಆಳಾಗಿ ದುಡಿಯುವ ರಾಜ, ಯಾವುದೋ ಕಾರಣಕ್ಕೆ ಗಂಡ ಹೆಂಡತಿಯೆಂದು ಸುಳ್ಳು ಹೇಳಿಕೊಂಡ ಇಬ್ಬರು, ವರ್ಷಗಟ್ಟಲೆ ಹಗೆ ಸಾಧಿಸಿದ ಮೇಲೆ ಒಂದು ದಿನ ಹಗೆಯ ಮುಖವನ್ನು ಸರಿಯಾಗಿ ನೋಡುವವಳು, ಜ್ವರದಲ್ಲಿ ಮಲಗಿದವನ ಪಕ್ಕ ಬೆಳಗಿನ ತನಕ ಕೂತು, ಅವನು ಕಣ್ಣು ಬಿಡುವಷ್ಟರಲ್ಲಿ ಏನೂ ಆಗಿಲ್ಲವೆಂಬಂತೆ ಎದ್ದುಹೋಗುವ ಗೆಳೆಯ. ಆದರೆ ಇವೆಲ್ಲವುಗಳ ಹೊಟ್ಟೆಯಲ್ಲಿ ಇರುವುದು ಒಂದೇ ಸಂಗತಿ. ಯಾರೋ ಒಬ್ಬರ ನಿಜ ಇನ್ನೊಬ್ಬರ ಕಣ್ಣಿಗೆ ಬೀಳಲಿದೆ, ಅದು ಓದುಗರಿಗೆ ಆಗಲೇ ಗೊತ್ತಿದೆ, ಪಾತ್ರಗಳಿಗೆ ಇನ್ನೂ ಗೊತ್ತಿಲ್ಲ. ನಮ್ಮ ತಿಳಿವಿಗೂ ಅವರ ತಿಳಿವಿಗೂ ನಡುವೆ ಇರುವ ಆ ಜಾಗದಲ್ಲಿ ಆದಷ್ಟು ಹೆಚ್ಚು ಹೊತ್ತು ಇರಬೇಕು ಅನ್ನುವುದೇ ನನ್ನ ಓದಿನ ಚಪಲ.

ಫ್ಯಾನ್ ಬರಹಗಾರರು ಈ ಚಪಲವನ್ನು ಮುಚ್ಚಿಡುವುದಿಲ್ಲ, ಅದಕ್ಕೇ ನನಗೆ ಅವರ ಮೇಲೆ ಪ್ರೀತಿ. ‘ಆರ್ಕೈವ್ ಆಫ್ ಅವರ್ ಓನ್’ ಎಂಬ, ಫ್ಯಾನ್ ಕಥೆಗಳ ದೊಡ್ಡ ಆನ್‌ಲೈನ್ ಸಂಗ್ರಹ 2009ರಲ್ಲಿ ಎಲ್ಲರಿಗೂ ತೆರೆದುಕೊಂಡಿತು. ಅಲ್ಲಿ ಬರೆಯುವವರು ತಮಗೆ ತೋಚಿದ ಮಾತಿನಲ್ಲಿ ಟ್ಯಾಗ್ ಹಾಕಬಹುದು. ಒಂದೇ ಅರ್ಥದ ಹತ್ತು ತರದ ಟ್ಯಾಗುಗಳನ್ನು ಒಂದಕ್ಕೊಂದು ಜೋಡಿಸುವುದಕ್ಕೆಂದೇ ಸ್ವಯಂಸೇವಕರ ದಂಡೊಂದು ಹಿಂದೆ ಕೂತಿರುತ್ತದೆ. 2019ರಲ್ಲಿ ಈ ಸಂಗ್ರಹಕ್ಕೇ, ವೈಜ್ಞಾನಿಕ ಕಥೆಗಳ ಲೋಕದ ದೊಡ್ಡ ಪ್ರಶಸ್ತಿಯಾದ ಹ್ಯೂಗೋ ಬಂತು. ಗ್ರಂಥಾಲಯಗಳು ಪುಸ್ತಕಗಳನ್ನು ವಿಷಯ, ಲೇಖಕ, ಭಾಷೆ ನೋಡಿ ಜೋಡಿಸುತ್ತವೆ. ಇಲ್ಲಿ ಕಥೆಗಳನ್ನು ಹುಡುಕುವುದು ‘ಇದು ನನ್ನನ್ನು ಎಲ್ಲಿ ಹಿಡಿಯುತ್ತದೆ’ ಅನ್ನುವುದರ ಮೇಲೆ. ವಿಮರ್ಶಕರು ‘ಸವಕಲು’ ಎಂದು ಪಕ್ಕಕ್ಕಿಟ್ಟ ಪಟ್ಟುಗಳನ್ನೇ ಇಲ್ಲಿ ಹೆಸರಿಟ್ಟು ಕರೆದು, ಇನ್ನೊಂದು ಸಲ, ಮತ್ತೊಂದು ಸಲ ಅನ್ನುತ್ತಾರೆ.

ಈ ಪಟ್ಟುಗಳಲ್ಲಿ ಹಳೆಯದು, ನನ್ನ ಮಟ್ಟಿಗೆ ದೊಡ್ಡದು, ವೇಷದ್ದು. ವಿರಾಟಪರ್ವದ ಒಂದು ಸನ್ನಿವೇಶಕ್ಕೆ ನಾನು ಮತ್ತೆ ಮತ್ತೆ ಹೋಗುತ್ತೇನೆ. ಎಲ್ಲರೂ ನೆನಪಿಟ್ಟುಕೊಳ್ಳುವ ಕೀಚಕನ ವಧೆಯಲ್ಲ, ಗೋಗ್ರಹಣದ ಯುದ್ಧವೂ ಅಲ್ಲ. ಯುದ್ಧ ಮುಗಿದ ಮೇಲೆ ಅರಮನೆಯಲ್ಲಿ ನಡೆಯುವ ಪಗಡೆಯಾಟ. ಮಗ ಉತ್ತರ ಕೌರವರನ್ನು ಗೆದ್ದನೆಂಬ ಸುದ್ದಿ ಬಂದಿದೆ. ವಿರಾಟನಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಕಂಕನನ್ನು ಕೂರಿಸಿಕೊಂಡು ದಾಳ ಉರುಳಿಸುತ್ತ, ನನ್ನ ಮಗ ಭೀಷ್ಮ ದ್ರೋಣರನ್ನು ಸೋಲಿಸಿದನಲ್ಲ ಅನ್ನುತ್ತಾನೆ. ಕಂಕ ಅಂದರೆ ಧರ್ಮರಾಯ. ಬೃಹನ್ನಳೆ ಸಾರಥಿಯಾಗಿರುವಾಗ ಯಾರು ತಾನೇ ಗೆಲ್ಲುವುದಿಲ್ಲ ಅನ್ನುತ್ತಾನೆ ಅವನು. ರಾಜನಿಗೆ ಪಿತ್ತ ನೆತ್ತಿಗೇರುತ್ತದೆ. ನನ್ನ ಮಗನನ್ನು ಹೊಗಳೋ ಅಂದರೆ ನಾಟ್ಯ ಕಲಿಸುವವಳನ್ನು ಹೊಗಳುತ್ತೀಯಾ? ಕಂಕ ಮಾತು ಬದಲಿಸುವುದಿಲ್ಲ. ವಿರಾಟ ಕೈಯಲ್ಲಿದ್ದ ದಾಳವನ್ನು ಅವನ ಮುಖಕ್ಕೇ ಎಸೆಯುತ್ತಾನೆ. ಮೂಗಿನಿಂದ ರಕ್ತ ಬರುತ್ತದೆ.

ಇನ್ನು ಮುಂದಿನದನ್ನು ನಿಧಾನವಾಗಿ ನೋಡಬೇಕು. ಧರ್ಮರಾಯ ಆ ರಕ್ತ ನೆಲಕ್ಕೆ ಬೀಳದಂತೆ ಕೈಯೊಡ್ಡಿ ಹಿಡಿಯುತ್ತಾನೆ. ಪಕ್ಕದಲ್ಲಿದ್ದ ಸೈರಂಧ್ರಿಯ ಕಡೆ ಒಮ್ಮೆ ನೋಡುತ್ತಾನೆ, ಅಷ್ಟೇ, ಮಾತಿಲ್ಲ. ದ್ರೌಪದಿಗೆ ಅರ್ಥವಾಗುತ್ತದೆ. ನೀರು ತುಂಬಿದ ಚಿನ್ನದ ಪಾತ್ರೆ ತಂದು ರಕ್ತಕ್ಕೆ ಒಡ್ಡುತ್ತಾಳೆ. ಅಷ್ಟರಲ್ಲಿ ಉತ್ತರ ಬಾಗಿಲಿಗೆ ಬಂದಿದ್ದಾನೆ, ಜೊತೆಗೆ ಬೃಹನ್ನಳೆಯೂ. ಧರ್ಮರಾಯ ಬಾಗಿಲು ಕಾಯುವವನ ಕಿವಿಯಲ್ಲಿ, ಉತ್ತರನೊಬ್ಬನನ್ನೇ ಒಳಗೆ ಬಿಡು ಅನ್ನುತ್ತಾನೆ. ಯಾಕೆಂದರೆ ಯುದ್ಧದಲ್ಲಲ್ಲದೆ ಬೇರೆಲ್ಲಾದರೂ ಅಣ್ಣನ ಮೈಯಿಂದ ರಕ್ತ ಬರಿಸಿದವನನ್ನು ಉಳಿಸುವುದಿಲ್ಲ ಎಂದು ಅರ್ಜುನ ಪಣ ತೊಟ್ಟಿದ್ದಾನೆ. ಬಾಗಿಲಾಚೆ ನಿಂತ ಆ ‘ನಾಟ್ಯದವಳು’ ಒಳಗೆ ಕಾಲಿಟ್ಟರೆ ವಿರಾಟನ ಕಥೆ ಅಲ್ಲಿಗೆ ಮುಗಿಯಿತು. ಹೊಡೆಸಿಕೊಂಡವನು ಹೊಡೆದವನ ಪ್ರಾಣ ಉಳಿಸುತ್ತಿದ್ದಾನೆ, ಹೊಡೆದವನಿಗೆ ಅದರ ಸುಳಿವೂ ಇಲ್ಲ.

ಆ ಸಭೆಯಲ್ಲಿ ಯಾರಿಗೆ ಎಷ್ಟು ಗೊತ್ತು ಎಂದು ಲೆಕ್ಕ ಹಾಕಿ ನೋಡಿ. ದ್ರೌಪದಿಗೆ ಎಲ್ಲ ಗೊತ್ತು. ಉತ್ತರನಿಗೆ ಬನ್ನಿಮರದ ಕೆಳಗೆ ಆಗಲೇ ಗೊತ್ತಾಗಿದೆ, ಆದರೆ ಹೇಳುವುದಿಲ್ಲವೆಂದು ಒಪ್ಪಿಕೊಂಡು ಬಂದಿದ್ದಾನೆ. ಒಳಗೆ ಬಂದವನು ಕಂಕನ ಮುಖ ನೋಡಿ ಬೆಚ್ಚಿ, ಹೊಡೆದದ್ದು ಯಾರು ಎಂದು ಕೇಳುತ್ತಾನೆ. ಅಪ್ಪ ಹೆಮ್ಮೆಯಿಂದಲೇ ‘ನಾನೇ’ ಅನ್ನುತ್ತಾನೆ. ಕ್ಷಮೆ ಕೇಳು, ಬ್ರಾಹ್ಮಣನ ಕೋಪ ಒಳ್ಳೆಯದಲ್ಲ ಎಂದು ಮಗ ಬೇಡಿಕೊಳ್ಳುತ್ತಾನೆ, ನಿಜವಾದ ಕಾರಣವನ್ನು ಹೇಳುವ ಹಾಗಿಲ್ಲವಲ್ಲ! ಯುದ್ಧ ಗೆದ್ದದ್ದು ನಾನಲ್ಲ, ಯಾರೋ ದೇವಕುಮಾರ, ನಾಳೆಯೋ ನಾಡಿದ್ದೋ ಕಾಣಿಸಿಕೊಳ್ಳುತ್ತಾನೆ ಎಂದೂ ಹೇಳುತ್ತಾನೆ. ಕಣ್ಣೆದುರಿಗೆ ಇರುವುದು ಕಾಣದೆ ಇರುವವನು ಒಬ್ಬನೇ, ಸಿಂಹಾಸನದ ಮೇಲೆ ಕೂತವನು. ಅಜ್ಞಾತವಾಸದ ಗಡುವು ಆಗ ಮುಗಿದಿತ್ತು, ಧರ್ಮರಾಯ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಈ ಸುಮ್ಮನಿರುವಿಕೆಯಲ್ಲಿ ನನಗೆ ಸಿಗುವ ಸುಖ, ಮೂರನೆಯ ದಿನ ಐವರೂ ಬಿಳಿಯ ಬಟ್ಟೆ ಉಟ್ಟು ರಾಜಾಸನಗಳ ಮೇಲೆ ಬಂದು ಕೂರುವ ಘಳಿಗೆಯಲ್ಲಿ ಕೂಡ ಸಿಗುವುದಿಲ್ಲ.

ಇದೇ ಪಟ್ಟನ್ನು ಗ್ರೀಕರ ‘ಒಡಿಸ್ಸಿ’ ಇನ್ನೊಂದು ಬಗೆಯಲ್ಲಿ ಹಾಕುತ್ತದೆ. ಇಪ್ಪತ್ತು ವರ್ಷದ ಮೇಲೆ, ಹೆಂಡತಿಯನ್ನು ಬಯಸಿ ಮನೆ ತುಂಬಿಕೊಂಡ ಹಗೆಗಳ ಕಣ್ಣು ತಪ್ಪಿಸಲು ಭಿಕ್ಷುಕನ ವೇಷದಲ್ಲಿ ಮನೆಗೆ ಬಂದ ಒಡಿಸ್ಸಿಯಸ್‌ನ ಕಾಲು ತೊಳೆಯುವುದಕ್ಕೆ ಅವನನ್ನು ಸಾಕಿದ ದಾದಿ ಯೂರಿಕ್ಲಿಯ ಕೂರುತ್ತಾಳೆ. ಗಾಯದ ಕಲೆ ಅವಳಿಗೆ ಗೊತ್ತಾದೀತೆಂದು ಅವನಿಗೆ ಥಟ್ಟನೆ ಹೊಳೆಯುತ್ತದೆ, ಬೆಂಕಿಯ ಬೆಳಕಿನಿಂದ ಆಚೆ ತಿರುಗಿ ಕೂರುತ್ತಾನೆ. ಕಣ್ಣಿಗೆ ಮರೆಯಾದರೂ ಕೈಗೆ ಸಿಗುತ್ತದೆ. ಚಿಕ್ಕಂದಿನಲ್ಲಿ ಕಾಡುಹಂದಿ ತಿವಿದ ಕಲೆ. ಅವಳಿಗೆ ಗೊತ್ತಾಯಿತು ಎಂದು ಹೇಳಿದ ಕೂಡಲೇ ಕವಿ ಕಥೆ ನಿಲ್ಲಿಸುತ್ತಾನೆ. ಆ ಹಂದಿಯ ಬೇಟೆ ಎಲ್ಲಿ ನಡೆಯಿತು, ಒಡಿಸ್ಸಿಯಸ್‌ಗೆ ಹೆಸರಿಟ್ಟವರು ಯಾರು ಎಂದು ಉದ್ದಕ್ಕೆ ಹೇಳಿ ಮುಗಿಸಿದ ಮೇಲೆಯೇ ಅವಳ ಕೈಯಿಂದ ಕಾಲು ಜಾರಿ, ಕಂಚಿನ ಪಾತ್ರೆ ವಾಲಿ ನೀರು ಚೆಲ್ಲುವುದು. ಅವಳು ಅವನ ಹೆಂಡತಿ ಪೆನೆಲೋಪೆಯ ಕಡೆ ತಿರುಗುವಷ್ಟರಲ್ಲಿ ಅವನು ಅವಳ ಕುತ್ತಿಗೆ ಹಿಡಿದಿದ್ದಾನೆ, ಸುಮ್ಮನಿರು ಎಂದು. ತನ್ನನ್ನು ಎದೆಹಾಲು ಕೊಟ್ಟು ಬೆಳೆಸಿದವಳ ಕುತ್ತಿಗೆ! ಗುರುತು ಸಿಗುವುದೆಂದರೆ ಬರೀ ಕಣ್ಣೀರು, ಅಪ್ಪುಗೆ ಅಂದುಕೊಂಡವರು ಈ ಭಾಗ ಓದಬೇಕು. ಯಾರಿಗೋ ನಾವು ಗೊತ್ತಾಗಿಬಿಡುವುದರಲ್ಲಿ ಅಪಾಯವೂ ಇದೆ.

ಅರಿಸ್ಟಾಟಲ್ ತನ್ನ ‘ಪೊಯೆಟಿಕ್ಸ್’ನ 16ನೆಯ ಅಧ್ಯಾಯದಲ್ಲಿ ಗುರುತು ಹಿಡಿಯುವ ಬಗೆಗಳಿಗೆ ಮೇಲು ಕೀಳು ಹೇಳುತ್ತಾನೆ. ಮೈಮೇಲಿನ ಮಚ್ಚೆ, ಗಾಯ, ಕೊರಳ ಹಾರ ಇವುಗಳಿಂದ ಗುರುತು ಸಿಗುವುದು ಎಲ್ಲಕ್ಕಿಂತ ಕೆಳಗಿನದು. ಘಟನೆಗಳ ಓಟದಿಂದಲೇ ತಾನಾಗಿ ಹೊರಬೀಳುವುದು ಎಲ್ಲಕ್ಕಿಂತ ಮೇಲಿನದು. ಅದರಲ್ಲೂ ಒಡಿಸ್ಸಿಯಸ್‌ನ ಕಲೆಯನ್ನೇ ತೆಗೆದುಕೊಂಡು, ದಾದಿಗೆ ಅದು ಅಕಸ್ಮಾತ್ ಸಿಕ್ಕಿದ್ದು ಒಳ್ಳೆಯದು, ಹಂದಿ ಕಾಯುವವರಿಗೆ ಅವನೇ ತೋರಿಸಿದ್ದು ಅಷ್ಟು ಒಳ್ಳೆಯದಲ್ಲ ಅನ್ನುತ್ತಾನೆ. ಎರಡು ಸಾವಿರ ವರ್ಷದ ಮೇಲೂ ಈ ಅಳತೆ ಕೆಟ್ಟಿಲ್ಲ. ಕೊನೆಯ ಅಧ್ಯಾಯದಲ್ಲಿ ಲಾಕೆಟ್ ಹೊರಬಂದು ಎಲ್ಲ ಸರಿಹೋಗುವ ಕಥೆಗಳು ಯಾಕೆ ಸಪ್ಪೆ ಅನ್ನುವುದಕ್ಕೆ ಇದಕ್ಕಿಂತ ಚಿಕ್ಕ ಉತ್ತರ ಬೇಡ.

ಫ್ಯಾನ್‌ಫಿಕ್‌ನ ಅತಿ ಜನಪ್ರಿಯ ಪಟ್ಟುಗಳಲ್ಲೊಂದು ‘ಒಂದೇ ಹಾಸಿಗೆ’. ಬಿರುಗಾಳಿ, ದಾರಿಯಲ್ಲಿ ಒಂದೇ ತಂಗುದಾಣ, ಉಳಿದದ್ದು ಒಂದೇ ಕೋಣೆ, ಕೋಣೆಯಲ್ಲಿ ಒಂದೇ ಮಂಚ, ಒಬ್ಬರ ಮುಖ ಒಬ್ಬರಿಗೆ ಆಗದ ಇಬ್ಬರು. ಇದನ್ನು ಕೇಳಿ ನಗುವವರಿಗೆ ನಾನು ಒಡಿಸ್ಸಿಯ ಮಂಚವನ್ನು ನೆನಪಿಸುತ್ತೇನೆ. ಪೆನೆಲೋಪೆ ಗಂಡನನ್ನು ಕಲೆ ನೋಡಿ ಒಪ್ಪಿಕೊಳ್ಳುವುದಿಲ್ಲ. ನಮ್ಮ ಮಂಚವನ್ನು ಹೊರಗೆ ತಂದು ಹಾಕಿಸು ಎಂದು ದಾದಿಗೆ ಹೇಳುತ್ತಾಳೆ, ಅವನ ಕಿವಿಗೆ ಬೀಳುವ ಹಾಗೆ. ಅವನು ಉರಿದುಬೀಳುತ್ತಾನೆ. ಬೇರು ಬಿಟ್ಟ ಆಲಿವ್ ಮರದ ಕಾಂಡವನ್ನೇ ಕಾಲು ಮಾಡಿ ನಾನು ಕಟ್ಟಿದ ಮಂಚ ಅದು, ಅದನ್ನು ಕದಲಿಸಿದವರು ಯಾರು? ಆ ಸಿಟ್ಟೇ ಗುರುತು. ಇಷ್ಟು ದಿನ ಎಲ್ಲರನ್ನೂ ಮಾತಿನಲ್ಲಿ ಏಮಾರಿಸಿದವನು ಹೆಂಡತಿಯ ಒಂದು ಮಾತಿಗೆ ಏಮಾರಿದ. ಅರಿಸ್ಟಾಟಲ್ ಮೆಚ್ಚಿಕೊಂಡ ಬಗೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. ಮಂಚದ ಕಥೆಗಳಿಗೆ ಹೀಗೆ ಭಾರೀ ವಂಶಾವಳಿಯೇ ಇದೆ.

ಈ ಟ್ರೋಪ್ ಕೆಲಸ ಮಾಡುವುದು ಮಂಚದಿಂದಲ್ಲ, ನಿದ್ದೆಯಿಂದ. ಹಗಲೆಲ್ಲ ಮುಖ ಬಿಗಿಹಿಡಿದವರಿಗೆ ರಾತ್ರಿ ಅದು ಆಗುವುದಿಲ್ಲ. ಒಬ್ಬರಿಗೆ ನಿದ್ದೆ ಹತ್ತಿರುತ್ತದೆ, ಇನ್ನೊಬ್ಬರಿಗೆ ಹತ್ತಿರುವುದಿಲ್ಲ, ಎಚ್ಚರವಿದ್ದವರು ನೋಡಬಾರದ್ದನ್ನು ನೋಡುತ್ತಾರೆ. ಚೆನ್ನಾಗಿ ಬರೆಯುವವರು ಅಲ್ಲಿ ಮುತ್ತು ಗಿತ್ತು ತರುವುದಿಲ್ಲ. ಕನಸಿನಲ್ಲಿ ಅವನು ಯಾರದೋ ಹೆಸರು ಕರೆದ, ಬೆಳಿಗ್ಗೆ ಅವಳು ಅದನ್ನು ಹೇಳಲಿಲ್ಲ. ಇಷ್ಟು ಸಾಕು, ಮುಂದಿನ ಹತ್ತು ಅಧ್ಯಾಯ ಇದರ ಮೇಲೆ ನಡೆಯುತ್ತದೆ. ಸುಳ್ಳು ಮದುವೆಯ ಕಥೆಗಳೂ ಹಾಗೆಯೇ. ಜನರೆದುರಿಗೆ ನಟಿಸಲು ಹೊರಟವರು ಒಬ್ಬರನ್ನೊಬ್ಬರು ಗಮನಿಸಲೇಬೇಕು, ಅವಳಿಗೆ ಏನು ಇಷ್ಟ, ಅವನಿಗೆ ಯಾವುದರ ಹೆದರಿಕೆ ಎಂದು ಪಾಠ ಒಪ್ಪಿಸಬೇಕು. ಗಮನಿಸುತ್ತ ಹೋದರೆ ಆಗುವುದು ಆಗಿಯೇ ಆಗುತ್ತದೆ. ತಮಾಷೆಯೆಂದರೆ ನಿಜವಾದ ದಂಪತಿಗಳು ಇಷ್ಟು ಶ್ರದ್ಧೆಯಿಂದ ಗಮನಿಸುವುದಿಲ್ಲ.

ಹಗೆ ಪ್ರೀತಿಯಾಗುವ ಕಥೆಗಳ ಬಗ್ಗೆ ನನಗೊಂದು ಹಟವಿದೆ. ಹಗೆ ನಿಜವಾಗಿರಬೇಕು. ಎರಡು ವ್ಯಂಗ್ಯದ ಮಾತು, ಒಂದು ಹುಬ್ಬು ಗಂಟು ಹಾಕಿದ್ದು, ಇದು ಹಗೆಯಲ್ಲ, ನಾಚಿಕೆ. 1813ರಲ್ಲಿ ಬಂದ ಜೇನ್ ಆಸ್ಟಿನ್‌ಳ ಕಾದಂಬರಿ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಈ ಸಾಲಿನ ಮಹಾತಾಯಿ ಅನ್ನುತ್ತಾರೆ. ಅದರಲ್ಲಿ ನನಗೆ ಮುಖ್ಯ ಅನ್ನಿಸುವುದು ಒಂದು ಸಣ್ಣ ಲೆಕ್ಕ. ಒಟ್ಟು 61 ಅಧ್ಯಾಯ. ನಾಯಕ ಡಾರ್ಸಿ ನಾಯಕಿ ಎಲಿಜಬೆತ್‌ಳನ್ನು ಮೊದಲ ಸಲ ಮದುವೆಯಾಗು ಎಂದು ಕೇಳಿ ಬೈಸಿಕೊಳ್ಳುವುದು 34ರಲ್ಲಿ, ಕಾಗದ ಕೊಡುವುದು 35ರಲ್ಲಿ. ಅಂದರೆ ಪ್ರೀತಿಯನ್ನು ಹೇಳಿಯಾಯಿತು, ಕಥೆ ಇನ್ನೂ ಹೆಚ್ಚುಕಡಿಮೆ ಅರ್ಧ ಬಾಕಿ ಇದೆ! ಎಲಿಜಬೆತ್ ಆ ಕಾಗದವನ್ನು ಒಮ್ಮೆ ಓದಿ, ಇನ್ನು ನೋಡುವುದೇ ಇಲ್ಲವೆಂದು ಮಡಿಸಿಡುತ್ತಾಳೆ. ಅರ್ಧ ನಿಮಿಷದಲ್ಲಿ ಮತ್ತೆ ಬಿಚ್ಚುತ್ತಾಳೆ. ಅಲ್ಲಿ ಅವಳು ಗುರುತಿಸುವುದು ಡಾರ್ಸಿಯನ್ನಲ್ಲ, ತನ್ನನ್ನೇ. ಇಷ್ಟು ದಿನ ನನಗೆ ನಾನೇ ಗೊತ್ತಿರಲಿಲ್ಲವಲ್ಲ ಎಂದು ಅವಳಿಗೆ ಅನ್ನಿಸುವುದು ಅಲ್ಲಿ. ನಮಗೆ ಆಗದವರು ನಮ್ಮನ್ನು ಸ್ನೇಹಿತರಿಗಿಂತ ಹೆಚ್ಚು ಸೂಕ್ಷ್ಮವಾಗಿ ನೋಡಿರುತ್ತಾರೆ, ತಪ್ಪು ಹುಡುಕಲಿಕ್ಕಾದರೂ ನೋಡಿರುತ್ತಾರೆ. ಈ ಪಟ್ಟಿನ ಶಕ್ತಿ ಇರುವುದು ಅಲ್ಲಿಯೇ.

ಒಂದು ಪಟ್ಟು ಮಾತ್ರ ನನಗೆ ಕಂಡರಾಗದು: ‘ತಪ್ಪು ತಿಳಿವಳಿಕೆ’. ಅವನು ಅಪ್ಪಿಕೊಂಡದ್ದು ಸ್ವಂತ ತಂಗಿಯನ್ನು, ಇವಳು ದೂರದಿಂದ ನೋಡಿ ಊರು ಬಿಟ್ಟಳು. “ಅವಳು ಯಾರು?” ಎಂದು ಕೇಳಿದ್ದರೆ ಮುಗಿಯುತ್ತಿದ್ದ ಕಥೆಗೆ ಮುನ್ನೂರು ಪುಟ. ಇಲ್ಲಿಯೂ ಓದುಗರಿಗೆ ಗೊತ್ತು, ಪಾತ್ರಕ್ಕೆ ಗೊತ್ತಿಲ್ಲ, ಹಾಗಾದರೆ ಇದು ನನಗೆ ಯಾಕೆ ಹಿಡಿಸಬಾರದು? ಧರ್ಮರಾಯ ಬಾಯಿ ಮುಚ್ಚಿಕೊಂಡದ್ದು ಒಂದು ಜೀವ ಉಳಿಸುವುದಕ್ಕೆ. ಒಡಿಸ್ಸಿಯಸ್ ದಾದಿಯ ಬಾಯಿ ಮುಚ್ಚಿಸಿದ್ದು ತನ್ನ ಜೀವ ಉಳಿಸಿಕೊಳ್ಳುವುದಕ್ಕೆ. ಸುಮ್ಮನಿರುವುದಕ್ಕೆ ಪಾತ್ರದ ಬಳಿ ಕಾರಣ ಇರಬೇಕು. ಕಾರಣ ಬರೀ ಲೇಖಕನ ಬಳಿ ಇದ್ದರೆ, ಓದುಗರು ಪುಸ್ತಕವನ್ನು ಗೋಡೆಗೆ ಎಸೆಯುವುದು ಸಹಜ.

ಇನ್ನೊಂದು ಕಡೆ, ಎಲ್ಲರೂ ಬೈಯುವ ‘ಮೇರಿ ಸ್ಯೂ’ ಬಗ್ಗೆ ನನಗೆ ಅಷ್ಟು ಸಿಟ್ಟಿಲ್ಲ. ‘ಸ್ಟಾರ್ ಟ್ರೆಕ್’ ಎಂಬ ಅಂತರಿಕ್ಷದ ಟಿವಿ ಧಾರಾವಾಹಿಯ ಅಭಿಮಾನಿಗಳು ತಾವೇ ಮಾಡಿ ಹಂಚುತ್ತಿದ್ದ ಪತ್ರಿಕೆಗಳು 1967ರಷ್ಟು ಹಿಂದೆಯೇ ಶುರುವಾದವು. ಅಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಒಂದು ಬಗೆಯ ನಾಯಕಿಯನ್ನು ಗೇಲಿ ಮಾಡಿ ಪೌಲಾ ಸ್ಮಿತ್ 1973ರಲ್ಲಿ ಪುಟ್ಟ ಅಣಕು ಕಥೆಯೊಂದನ್ನು ಬರೆದರು. ಲೆಫ್ಟಿನೆಂಟ್ ಮೇರಿ ಸ್ಯೂಗೆ ಹದಿನೈದೂವರೆ ವರ್ಷ, ಇಡೀ ಅಂತರಿಕ್ಷ ನೌಕಾದಳದಲ್ಲೇ ಅತಿ ಚಿಕ್ಕವಳು, ಬಂದ ಕೂಡಲೇ ನಾಯಕನಿಗೆ ಅವಳ ಮೇಲೆ ಪ್ರೀತಿ, ಅವಳಿಗೆ ಬಾರದ ವಿದ್ಯೆಯಿಲ್ಲ, ಸತ್ತಾಗ ಎಲ್ಲರೂ ಸುತ್ತ ನಿಂತು ಅಳುತ್ತಾರೆ. ಅಲ್ಲಿಂದ ಆ ಹೆಸರು ಬೈಗುಳವಾಯಿತು, ಹೆಚ್ಚಾಗಿ ಹುಡುಗಿಯರು ಬರೆದ ಹುಡುಗಿಯರ ಮೇಲೆಯೇ ಬಿತ್ತು. ಎಲ್ಲ ಬಲ್ಲ ಗಂಡು ನಾಯಕರನ್ನು ಯಾರೂ ಇಷ್ಟು ಬೈದದ್ದು ಕಾಣೆ. ಆದರೆ ಆ ಬಗೆಯ ಕಥೆ ಓದುವಾಗ ಆಕಳಿಕೆ ಬರುವುದಂತೂ ನಿಜ. ಅವಳು ಸರ್ವಗುಣಸಂಪನ್ನೆ ಆಗಿರುವುದರಿಂದಲ್ಲ. ಅರ್ಜುನನೂ ಸರ್ವಗುಣಸಂಪನ್ನನೇ. ಅವಳ ಯೋಗ್ಯತೆ ಮೊದಲ ಪುಟದಲ್ಲೇ ಎಲ್ಲರಿಗೂ ಗೊತ್ತಾಗಿಬಿಡುತ್ತದೆ, ತೊಂದರೆ ಅದು. ಕಾಯುವುದಕ್ಕೆ ನಮಗೆ ಏನೂ ಉಳಿಯುವುದಿಲ್ಲ. ಅದೇ ಮೇರಿ ಸ್ಯೂಳನ್ನು ಅಡುಗೆಮನೆಯ ಆಳಾಗಿ ಒಂದು ವರ್ಷ ಇಟ್ಟು ನೋಡಿ!

ಕಾಯಿಸುವುದನ್ನೇ ಒಂದು ಆಕಾರ ಮಾಡಿಕೊಂಡ ಬರಹವೂ ಇದೆ, ಅದನ್ನು ಬೆಳೆಸಿದ್ದು ಫ್ಯಾನ್‌ಫಿಕ್ ಲೋಕ. ‘ಐದು ಸಲ ಹೀಗಾಯಿತು, ಒಂದು ಸಲ ಆಗಲಿಲ್ಲ’. ಓದುವವರು ಇದನ್ನು ‘ಫೈವ್ ಪ್ಲಸ್ ಒನ್’ ಅನ್ನುತ್ತಾರೆ. ಉದಾಹರಣೆಗೆ, ಒಬ್ಬಳು ಗಾಯವನ್ನು ಮುಚ್ಚಿಟ್ಟ ಐದು ಸಲ, ಮುಚ್ಚಿಡಲಾಗದ ಒಂದು ಸಲ. ಆರು ತುಣುಕು, ನಡುವೆ ತಿಂಗಳೋ ವರ್ಷವೋ ದಾಟಿರುತ್ತದೆ. ಮೊದಲನೆಯದು ಬರೀ ತಮಾಷೆ, ಬೆರಳು ಕೊಯ್ದುಕೊಂಡು ಕೈ ಬೆನ್ನ ಹಿಂದೆ ಇಟ್ಟುಕೊಂಡಳು. ಎರಡನೆಯದರಲ್ಲಿ ಅವಳು ಹೀಗೆಯೇ ಎಂದು ನಮಗೆ ಖಾತ್ರಿಯಾಗುತ್ತದೆ. ಬರೆಯುವವರು ಎಡವುವುದು ಮೂರು ಮತ್ತು ನಾಲ್ಕರಲ್ಲಿ, ಯಾಕೆಂದರೆ ಸುಮ್ಮನೆ ಇನ್ನೊಂದು ಸಲ ಅದೇ ಆದರೆ ಸಾಲದು, ಮುಚ್ಚಿಡುವುದಕ್ಕೆ ತೆರುವ ಬೆಲೆ ಏರುತ್ತಿರಬೇಕು. ಮೂರರಲ್ಲಿ ಯಾರೋ ಅನುಮಾನಪಡುತ್ತಾರೆ. ನಾಲ್ಕರಲ್ಲಿ ಆ ಯಾರೋ ಒಬ್ಬರಿಗೆ ಗೊತ್ತಾಗಿರುತ್ತದೆ, ಆದರೂ ಗೊತ್ತಿಲ್ಲದವರಂತೆ ಔಷಧಿಯ ಡಬ್ಬಿಯನ್ನು ಕೈಗೆಟಕುವಲ್ಲಿ ಇಟ್ಟು ಹೋಗುತ್ತಾರೆ. ಐದನೆಯದು ಹೆಚ್ಚುಕಡಿಮೆ ಮುರಿಯುವ ಹಂತ. ಆರನೆಯದು ಬರುತ್ತದೆಂದು ಶೀರ್ಷಿಕೆಯಲ್ಲೇ ಬರೆದಿದೆ. ಆದರೂ ಅಲ್ಲಿಗೆ ಬಂದಾಗ ಕೈ ಬಿಸಿಯಾಗುತ್ತದೆ. ಡಬ್ಬಿ ಇಟ್ಟವರು ಯಾರೆಂದು ಅವಳಿಗೆ ಮೊದಲಿನಿಂದ ಗೊತ್ತಿತ್ತು ಎಂದು ಆರನೆಯದರಲ್ಲಿ ತಿಳಿದರಂತೂ, ಹಿಂದಿನ ಐದನ್ನೂ ಮತ್ತೆ ಓದಬೇಕಾಗುತ್ತದೆ. ಇಷ್ಟು ಕರಾರುವಾಕ್ಕಾದ ಕಟ್ಟಡವನ್ನು ಯಾವ ಬರವಣಿಗೆಯ ತರಗತಿಯೂ ಕಂಡುಹಿಡಿಯಲಿಲ್ಲ, ಕಾಸು ಮುಟ್ಟದೆ ಬರೆಯುವ ಜನ ಕಂಡುಹಿಡಿದರು.

‘ಫಿಕ್ಸ್ ಇಟ್’ ಎಂಬ ಇನ್ನೊಂದು ದೊಡ್ಡ ಕುಲವಿದೆ. ಮೂಲದವರು ಹಾಳು ಮಾಡಿದ್ದನ್ನು ಅಭಿಮಾನಿಗಳು ಸರಿಮಾಡುವುದು. ಸತ್ತವರನ್ನು ಬದುಕಿಸುವುದೇ ಇದರಲ್ಲಿ ಹೆಚ್ಚು. ಇದನ್ನು ಎಳೆಯರ ಹುಚ್ಚು ಎನ್ನುವವರಿಗೆ ಶೇಕ್ಸ್‌ಪಿಯರ್‌ನ ‘ಕಿಂಗ್ ಲಿಯರ್’ ನಾಟಕಕ್ಕೆ ಆದದ್ದು ಗೊತ್ತಿರಲಿ. 1681ರಲ್ಲಿ ನೇಹಮ್ ಟೇಟ್ ಎಂಬಾತ ಆ ದುರಂತವನ್ನು ತಿದ್ದಿ ಬರೆದ. ಲಿಯರ್ ಸಾಯುವುದಿಲ್ಲ, ಮೂಲದಲ್ಲಿ ಸಾಯುವ ಅವನ ಮಗಳು ಕಾರ್ಡೀಲಿಯಾ ಬದುಕಿ ಎಡ್ಗರ್‌ನನ್ನು ಮದುವೆಯಾಗುತ್ತಾಳೆ. 1838ರಲ್ಲಿ ಮ್ಯಾಕ್ರೀಡಿ ಎಂಬ ನಟ ಶೇಕ್ಸ್‌ಪಿಯರ್‌ನ ಪಾಠವನ್ನು ರಂಗಕ್ಕೆ ಮರಳಿ ತರುವವರೆಗೆ, ಒಂದೂವರೆ ಶತಮಾನ, ಇಂಗ್ಲೆಂಡಿನ ರಂಗಭೂಮಿಯಲ್ಲಿ ಮೆರೆದದ್ದು ಈ ಫಿಕ್ಸ್ ಇಟ್ಟೇ. ಪಂಡಿತ ಸ್ಯಾಮ್ಯುಯೆಲ್ ಜಾನ್ಸನ್ ಕೂಡ, ಕಾರ್ಡೀಲಿಯಾಳ ಸಾವು ಓದಿ ಎಷ್ಟು ಕಂಗೆಟ್ಟಿದ್ದನೆಂದರೆ ಸಂಪಾದಕನಾಗಿ ಓದಲೇಬೇಕಾಗಿ ಬರುವವರೆಗೆ ಆ ಕೊನೆಯ ದೃಶ್ಯಗಳ ಕಡೆ ತಲೆ ಹಾಕಿದ ನೆನಪಿಲ್ಲ ಎಂದು ಬರೆದುಕೊಂಡಿದ್ದಾನೆ. ನಾನು ಟೇಟ್‌ನ ಪರ ಅಲ್ಲ. ಕಾರ್ಡೀಲಿಯಾ ಸಾಯದಿದ್ದರೆ, ಮಗಳು ಯಾರೆಂದು ಲಿಯರ್‌ಗೆ ತಡವಾಗಿ ಗೊತ್ತಾದದ್ದಕ್ಕೆ ಬೆಲೆಯೇ ಇರುವುದಿಲ್ಲ. ಆದರೆ ಟೇಟ್‌ಗೆ ಬರೆಯಬೇಕು ಅನ್ನಿಸಿದ್ದು ಯಾಕೆಂದು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಫಿಕ್ಸ್ ಇಟ್‌ಗಳಲ್ಲಿ ನಾನು ಅನುಮಾನದಿಂದ ನೋಡುವುದು ತಪ್ಪಿತಸ್ಥರನ್ನು ತೊಳೆದು ಬೆಳ್ಳಗೆ ಮಾಡುವಂಥವನ್ನು. ಮಹಾಭಾರತದ ಶಕುಂತಲೆಯ ಕಥೆಯಲ್ಲಿ ಉಂಗುರವೂ ಇಲ್ಲ, ದೂರ್ವಾಸನ ಶಾಪವೂ ಇಲ್ಲ. ದುಷ್ಯಂತನಿಗೆ ಎಲ್ಲ ನೆನಪಿದೆ, ಇದ್ದೂ ತುಂಬಿದ ಸಭೆಯಲ್ಲಿ ನೀನು ಯಾರೋ ಗೊತ್ತಿಲ್ಲ ಅನ್ನುತ್ತಾನೆ. ಶಕುಂತಲೆ ಅತ್ತುಕೊಂಡು ಹೋಗುವವಳಲ್ಲ, ಎದುರಿಗೆ ನಿಂತು ವಾದಿಸುತ್ತಾಳೆ, ನಿನಗೆ ಗೊತ್ತಿದ್ದೂ ಗೊತ್ತಿಲ್ಲವೆನ್ನುತ್ತೀಯಲ್ಲ ಎಂದು ರಾಜನ ಮುಖಕ್ಕೇ ಹೇಳುತ್ತಾಳೆ. ಕಾಳಿದಾಸ ಶಾಪ ತಂದ, ಉಂಗುರ ತಂದ. ರಾಜ ನಿರಪರಾಧಿಯಾದ. ನಾಟಕದ ಚೆಲುವಿಗೆ ನನ್ನದೇನೂ ತಕರಾರಿಲ್ಲ, ಆದರೆ ಆ ಸಭೆಯ ಬಿಸಿ ಆರಿತಲ್ಲ ಅನ್ನುವ ಸಂಕಟ ಇದ್ದೇ ಇದೆ. ಗೊತ್ತಿದ್ದೂ ಗುರುತಿಸದವನ ಕಥೆ, ಮರೆತವನ ಕಥೆಗಿಂತ ಗಟ್ಟಿ. ಮರೆವನ್ನು ತರುವ ಇಂದಿನ ಕಥೆಗಳನ್ನೂ ನಾನು ಇದೇ ಕಾರಣಕ್ಕೆ ದೂರ ಇಟ್ಟಿದ್ದೇನೆ. ತಲೆಗೆ ಪೆಟ್ಟು ಬಿದ್ದು ನೆನಪು ಹೋಗುವುದು ಲೇಖಕರಿಗೆ ಸಲೀಸು, ಯಾರೂ ಯಾವುದಕ್ಕೂ ಹೊಣೆಯಲ್ಲ.

ಷರ್ಲಾಕ್ ಹೋಮ್ಸ್ ವಿಷಯದಲ್ಲಿ ಸ್ವತಃ ಲೇಖಕನೇ ಫಿಕ್ಸ್ ಇಟ್ ಬರೆಯಬೇಕಾಯಿತು. 1893ರ ಡಿಸೆಂಬರಿನಲ್ಲಿ ಕಾನನ್ ಡಾಯ್ಲ್ ಅವನನ್ನು ಜಲಪಾತಕ್ಕೆ ಬೀಳಿಸಿದ. 1903ರಲ್ಲಿ ಬದುಕಿಸಿದ. ಹೋಮ್ಸ್ ಮರಳುವುದು ಪುಸ್ತಕ ಮಾರುವ ಮುದುಕನ ವೇಷದಲ್ಲಿ. ವಾಟ್ಸನ್ ಒಮ್ಮೆ ಆಚೆ ತಿರುಗಿ ಈಚೆ ನೋಡುವಷ್ಟರಲ್ಲಿ ಎದುರಿಗೆ ಹೋಮ್ಸ್ ನಗುತ್ತಿದ್ದಾನೆ, ವಾಟ್ಸನ್ ಮೂರ್ಛೆ ಹೋಗುತ್ತಾನೆ. ಎಚ್ಚರವಾದ ಮೇಲೆ? ಸಂತೋಷಪಡುತ್ತಾನೆ, ಅದೇ ರಾತ್ರಿ ಪತ್ತೇದಾರಿಗೆ ಜೊತೆಗೂ ಹೊರಡುತ್ತಾನೆ. ಮೂರು ವರ್ಷ ಸತ್ತನೆಂದು ದುಃಖಪಟ್ಟ ಗೆಳೆಯನಿಗೆ ಒಂದಿಷ್ಟು ಸಿಟ್ಟು ಬೇಡವೇ? ಡಾಯ್ಲ್ ಬರೆಯದೆ ಬಿಟ್ಟ ಆ ಸಿಟ್ಟನ್ನು ಅಭಿಮಾನಿಗಳು ಇವತ್ತಿಗೂ ಬರೆಯುತ್ತಿದ್ದಾರೆ. ಬಾಗಿಲು ಹಾಕಿಕೊಂಡ ವಾಟ್ಸನ್, ಮಾತು ಬಿಟ್ಟ ವಾಟ್ಸನ್, ಒಂದು ಏಟು ಕೊಟ್ಟ ವಾಟ್ಸನ್. ಫ್ಯಾನ್ ಕಥೆಗಳು ಮೂಲಕ್ಕಿಂತ ಒಂದು ಕೈ ಮೇಲಾಗುವುದು ಇಂಥ ಕಡೆಯೇ. ಮೂಲ ಕಥೆಗೆ ಗುರುತು ಸಿಕ್ಕಿದರೆ ಕೆಲಸ ಮುಗಿಯಿತು, ಪರದೆ ಎಳೆಯಬಹುದು. ಗೊತ್ತಾದ ಮೇಲೆ ಮಾರನೆಯ ಬೆಳಿಗ್ಗೆ ಏನಾಯಿತು ಎನ್ನುವುದು ಅಭಿಮಾನಿಗಳಿಗೆ ಬೇಕು.

ವಿರಾಟಪರ್ವಕ್ಕೂ ಅಂಥ ಒಂದು ಮಾರನೆಯ ಬೆಳಿಗ್ಗೆ ಇದೆ. ಪಾಂಡವರು ಯಾರೆಂದು ತಿಳಿದು ಕಕ್ಕಾಬಿಕ್ಕಿಯಾದ ವಿರಾಟ, ಮಗಳು ಉತ್ತರೆಯನ್ನು ಅರ್ಜುನನಿಗೆ ಕೊಡುತ್ತೇನೆ ಅನ್ನುತ್ತಾನೆ. ಅರ್ಜುನ ಒಪ್ಪುವುದಿಲ್ಲ. ಒಂದು ವರ್ಷ ಅಂತಃಪುರದಲ್ಲಿ ಅವಳ ಜೊತೆ ಇದ್ದೆ, ಅವಳು ನನ್ನನ್ನು ತಂದೆಯ ಹಾಗೆ ನಂಬಿದ್ದಾಳೆ, ಬೇಕಾದರೆ ಸೊಸೆಯಾಗಿ ತಂದುಕೊಳ್ಳುತ್ತೇನೆ ಅನ್ನುತ್ತಾನೆ. ಅಂದರೆ ವೇಷ ಸುಳ್ಳು, ವೇಷದಲ್ಲಿ ಮಾಡಿದ ಕೆಲಸ ಸುಳ್ಳಲ್ಲ. ಕವಚ ತೊಟ್ಟ ಮೇಲೂ ಅವನು ನಾಟ್ಯದ ಗುರುವೇ. ಸುಳ್ಳು ಮದುವೆಯ ಕಥೆ ಬರೆಯುವವರೆಲ್ಲ ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ಆದರೆ ಇಷ್ಟೆಲ್ಲ ಮಾತು ನಡೆಯುವುದು ಗಂಡಸರ ನಡುವೆ. ಉತ್ತರೆಗೆ ಏನನ್ನಿಸಿತು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಯುದ್ಧಕ್ಕೆ ಹೊರಟ ಬೃಹನ್ನಳೆಯ ಹತ್ತಿರ, ಭೀಷ್ಮ ದ್ರೋಣರನ್ನು ಗೆದ್ದು ನಮ್ಮ ಬೊಂಬೆಗಳಿಗೆ ಬಣ್ಣಬಣ್ಣದ ಬಟ್ಟೆ ತಂದುಕೊಡು ಎಂದು ಕೇಳಿದ ಹುಡುಗಿ ಅವಳು. ಅರ್ಜುನ ಮರೆಯಲಿಲ್ಲ. ಕೌರವ ವೀರರು ಮೂರ್ಛೆಹೋಗಿ ಬಿದ್ದಿದ್ದಾಗ ಉತ್ತರನನ್ನು ಇಳಿಸಿ, ದ್ರೋಣ ಕೃಪರ ಬಿಳಿಯ ವಸ್ತ್ರ, ಕರ್ಣನ ಹಳದಿ, ದುರ್ಯೋಧನನ ನೀಲಿ ತರಿಸಿದ. ಭೀಷ್ಮನ ಹತ್ತಿರ ಮಾತ್ರ ಹೋಗಬೇಡ, ಅವನಿಗೆ ಎಚ್ಚರವಿದೆ ಅಂದ. ತಂದು ಉತ್ತರೆಯ ಕೈಗೆ ಕೊಟ್ಟ. ಆಮೇಲೆ ಗಂಡಸಾಗಿ ಸಭೆಯಲ್ಲಿ ಕೂತ. ಅವಳಿಗೆ ಹೆಜ್ಜೆ ಕಲಿಸಿದ, ಅವಳ ಗುಟ್ಟುಗಳನ್ನೆಲ್ಲ ಕೇಳಿಸಿಕೊಂಡ ಆ ಬೃಹನ್ನಳೆ ಒಂದು ಬೆಳಿಗ್ಗೆ ಇಲ್ಲವಾದಳು, ಅವಳ ಜಾಗದಲ್ಲಿ ಬರಲಿರುವ ಮಾವ ನಿಂತಿದ್ದ.

ನಾನು ಓದಬೇಕೆಂದಿರುವ ಫ್ಯಾನ್‌ಫಿಕ್ ಇದು. ಟ್ಯಾಗುಗಳನ್ನೂ ಹೇಳಿಬಿಡುತ್ತೇನೆ: ಉತ್ತರೆಯ ಕಣ್ಣಿನಿಂದ, ಸೀಕ್ರೆಟ್ ಐಡೆಂಟಿಟಿ, ಗುರು ಮತ್ತು ಶಿಷ್ಯೆ, ಪ್ರೇಮಕಥೆ ಅಲ್ಲ, ಮೂಲ ಕಥೆಗೆ ಧಕ್ಕೆಯಿಲ್ಲ, ಫೈವ್ ಪ್ಲಸ್ ಒನ್. ಬೃಹನ್ನಳೆ ಯಾರೆಂದು ಉತ್ತರೆಗೆ ಗೊತ್ತಾಗಿಯೂ ಗೊತ್ತಿಲ್ಲದವಳಂತೆ ನಾಟ್ಯ ಕಲಿತ ಐದು ಸಲ, ಕೇಳಿಯೇಬಿಟ್ಟ ಒಂದು ಸಲ. ಯಾರಾದರೂ ಆಗಲೇ ಬರೆದಿದ್ದರೆ ನನಗೆ ಕಳಿಸಿ, ಉದ್ದ ಎಷ್ಟಿದ್ದರೂ ಪರವಾಗಿಲ್ಲ. ಅರ್ಧಕ್ಕೆ ನಿಲ್ಲಿಸಿದ್ದು ಮಾತ್ರ ಬೇಡ.